ಹಳೇ ಮೌಂಟೇನ್ ಬೈಕಿಗೆ ದುಡ್ಡು ಹಾಕೋದಾ, ಹೊಸದು ತಗೊಳ್ಳೋದಾ? ನನ್ನ ಅನುಭವ

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು 9 ಸ್ಪೀಡ್ ಕ್ಯಾಸೆಟ್ ಇದೆ, ಅಂದರೆ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಕೂರುವ 9 ಹಲ್ಲುಚಕ್ರಗಳ ಗೊಂಚಲು. ಡಬ್ಬಿ ಸಮೇತ, ಹೊಚ್ಚ ಹೊಸದು. ಅದನ್ನು ಯಾವ ಸೈಕಲ್‌ಗೂ ಹಾಕಲಿಲ್ಲ. ಅದು ಡ್ರಾಯರ್ ಸೇರಿದ್ದು ಹೇಗೆ ಅಂತ ಹೇಳಿದರೆ ಈ ವಿಷಯದ ಅರ್ಧ ಭಾಗ ಹೇಳಿದ ಹಾಗೆ.

ನನ್ನ ಮೊದಲ ಮೌಂಟೇನ್ ಬೈಕ್ ತೀರಾ ಸಾಮಾನ್ಯದ್ದು. 27.5 ಇಂಚಿನ ಚಕ್ರ, ಅಲ್ಯೂಮಿನಿಯಂ ಫ್ರೇಮ್, ಮುಂದೆ 3 ಹಿಂದೆ 7 ಗೇರ್, ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್, ಒಳಗೆ ಸ್ಪ್ರಿಂಗ್ ಇದ್ದು 80 ಮಿ.ಮೀ. ಕುಗ್ಗುವ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವೆ). ತೂಕ 15 ಕೆ.ಜಿ. ಮೇಲೆ. ಟಾರ್ ರಸ್ತೆಯಲ್ಲಿ ಎರಡು ವರ್ಷ ಓಡಿಸುವವರೆಗೆ ಅದರಲ್ಲಿ ಏನೂ ಕೊರತೆ ಕಂಡಿರಲಿಲ್ಲ. ಒಬ್ಬ ಗೆಳೆಯ ಕಲ್ಲು ಮಣ್ಣಿನ ಕಾಡುದಾರಿಗೆ ಕರೆದುಕೊಂಡು ಹೋದ. ಅಲ್ಲಿಂದ ಶುರುವಾಯಿತು ನೋಡಿ. ಪ್ರತಿ ವಾರ ಒಂದು ಹೊಸ ದೂರು.

ಎಲ್ಲರ ಹಾಗೆ ನಾನೂ ಮೊದಲು ನೋಡಿದ್ದು ಪಾರ್ಟ್‌ಗಳ ಪಟ್ಟಿಯನ್ನೇ. ಯಾವ ಡಿರೈಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ), ಯಾವ ಫೋರ್ಕ್, ಯಾವ ಬ್ರೇಕ್. ಗೆಳೆಯ ನಕ್ಕ. "ಪಾರ್ಟ್ ಆಮೇಲೆ ನೋಡೋಣ ಕಣೋ. ನೀನು ಎಲ್ಲೆಲ್ಲಿ ಸೈಕಲ್‌ನಿಂದ ಇಳಿಯುತ್ತೀಯಾ, ಅದನ್ನು ಮೊದಲು ಬರಿ" ಅಂದ. ಬರೆದೆ. ನಾಲ್ಕು ಸಾಲು ಬಂತು. ಕಲ್ಲಿನ ಮೇಲೆ ಕೈ ಜೋಮು ಹಿಡಿಯುತ್ತದೆ. ಚೈನು ಬೀಳುತ್ತದೆ. ಕಡಿದಾದ ಏರಿಗೆ ಗೇರ್ ಸಾಲದು. ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಮಗುಚಿ ಬೀಳುತ್ತೇನೆ ಅನ್ನುವ ಭಯ.

ಇವುಗಳಲ್ಲಿ ಎರಡು ಬಿಡಿಗಾಸು ಖರ್ಚಿಲ್ಲದೆ ಸರಿಹೋದವು. ನಾಚಿಕೆಯ ವಿಷಯ, ಆದರೂ ಹೇಳುತ್ತೇನೆ. ಕೈ ಜೋಮಿಗೆ ಕಾರಣ ಟಯರ್ ಗಾಳಿ, ನಾನು 50 ಪಿಎಸ್ಐ ಹೊಡೆಯುತ್ತಿದ್ದೆ. ಗಟ್ಟಿ ಇದ್ದಷ್ಟೂ ಒಳ್ಳೆಯದು ಅನ್ನುವ ರಸ್ತೆಯ ಅಭ್ಯಾಸ. ನನ್ನ ತೂಕ 72 ಕೆ.ಜಿ. ಅದಕ್ಕೆ 30ರ ಆಸುಪಾಸು ಸಾಕಿತ್ತು. ಇಳಿಸಿದ ದಿನ ಸೈಕಲ್ಲೇ ಬೇರೆ ಅನ್ನಿಸಿತು. ಇನ್ನೂ ಇಳಿಸೋಣ ಅಂತ 22ಕ್ಕೆ ಹೋದೆ. ಒಂದು ಕಲ್ಲಿಗೆ ರಿಮ್ ಬಡಿದು ಟ್ಯೂಬಿನಲ್ಲಿ ಜೋಡಿ ತೂತು ಬಿತ್ತು. ಒಳಗೆ ಟ್ಯೂಬ್ ಇರುವವರೆಗೆ ಅಷ್ಟು ಕೆಳಗೆ ಹೋಗಬಾರದು ಅಂತ ಆಗ ಗೊತ್ತಾಯಿತು. ಚೈನು ಬೀಳುತ್ತಿದ್ದದ್ದಕ್ಕೆ ಕಾರಣ ಡಿರೈಲರ್ ಹ್ಯಾಂಗರ್ ಒಳಕ್ಕೆ ಬಾಗಿದ್ದು. ಡಿರೈಲರ್ ಕೂರುವ ಆ ಚಿಕ್ಕ ತುಂಡು ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುತ್ತದೆ. ಅದನ್ನು ನೇರ ಮಾಡಿಸಿ, ಡಿರೈಲರ್ ಅತಿಯಾಗಿ ಸರಿಯದಂತೆ ತಡೆಯುವ ಎರಡು ಲಿಮಿಟ್ ಸ್ಕ್ರೂ ಸರಿ ಮಾಡಿದ ಮೇಲೆ ಚೈನು ತೆಪ್ಪಗೆ ಕೂತಿತು. ನಾನು ಹೊಸ ಡಿರೈಲರ್‌ಗೆ ಆರ್ಡರ್ ಹಾಕುವುದರಲ್ಲಿದ್ದೆ!

ಮೂರನೇ ದೂರು, ಏರಿಗೆ ಗೇರ್ ಸಾಲದು ಅನ್ನೋದು. ಕ್ಯಾಸೆಟ್ ಕತೆ ಇಲ್ಲೇ ಬರೋದು. ಹಿಂದಿನ ದೊಡ್ಡ ಹಲ್ಲುಚಕ್ರ 28 ಹಲ್ಲಿನದು. 36 ಹಲ್ಲಿನದ್ದು ಹಾಕಿದರೆ ಏರು ಸಲೀಸಾಗುತ್ತದೆ, ಲೆಕ್ಕ ಸರಿಯೇ. 9 ಸ್ಪೀಡ್ ಕ್ಯಾಸೆಟ್ ತರಿಸಿದೆ. ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋದರೆ ಅವರು ಚಕ್ರ ಬಿಚ್ಚಿ ತಿರುಗಿಸಿ ನೋಡಿ, "ಸರ್, ಇದು ಫ್ರೀವೀಲ್. ಇದಕ್ಕೆ ಕ್ಯಾಸೆಟ್ ಕೂರಲ್ಲ" ಅಂದರು.

ಎರಡಕ್ಕೂ ವ್ಯತ್ಯಾಸ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಫ್ರೀವೀಲ್ ಅಂದರೆ ಹಲ್ಲುಚಕ್ರಗಳೂ ಟಿಕ್ ಟಿಕ್ ಅನ್ನುವ ಯಂತ್ರವೂ ಒಂದೇ ಗಡ್ಡೆಯಾಗಿ ಚಕ್ರದ ನಡುವಿನ ಹಬ್‌ಗೆ ತಿರುಪಿ ಕೂರುವಂಥದ್ದು. ಕ್ಯಾಸೆಟ್‌ನಲ್ಲಿ ಆ ಯಂತ್ರ ಹಬ್‌ನಲ್ಲೇ ಇರುತ್ತದೆ, ಹಲ್ಲುಚಕ್ರಗಳು ಮಾತ್ರ ಜಾರಿ ಕೂರುತ್ತವೆ. ಗುರುತಿಸುವುದು ಸುಲಭ. ಚಕ್ರ ಕೈಯಲ್ಲಿ ಹಿಡಿದು ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ. ಮಧ್ಯದಲ್ಲಿ ಟೂಲ್ ಕೂರುವ ಭಾಗವೂ ಹಲ್ಲುಗಳ ಜೊತೆ ತಿರುಗಿದರೆ ಕ್ಯಾಸೆಟ್. ಅದು ನಿಂತಲ್ಲೇ ನಿಂತು ಹಲ್ಲು ಮಾತ್ರ ತಿರುಗಿದರೆ ಫ್ರೀವೀಲ್. ಐದು ಸೆಕೆಂಡಿನ ಕೆಲಸ. ನಾನು ಮಾಡಿರಲಿಲ್ಲ.

ಫ್ರೀವೀಲ್ ಹಬ್‌ಗೆ ಇನ್ನೊಂದು ದೋಷ ಇದೆ. ಬಲಗಡೆಯ ಬೇರಿಂಗ್ ಹಲ್ಲುಚಕ್ರಗಳ ಒಳಬದಿಯಲ್ಲಿ ಇರುತ್ತದೆ. ಹಾಗಾಗಿ ಆಕ್ಸಲ್ ಆ ಕಡೆ ಆಧಾರವಿಲ್ಲದೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಕುಪ್ಪಳಿಸಿ ಕುಪ್ಪಳಿಸಿ ಓಡಿಸಿದರೆ ಅದು ಬಾಗುತ್ತದೆ. ನನ್ನದೂ ಸ್ವಲ್ಪ ಬಾಗಿತ್ತು. ಚಕ್ರ ಓಲಾಡುತ್ತದೆ ಅಂತ ಮೂರು ಸಲ ರಿಮ್ ಬೆಂಡ್ ತೆಗೆಸಿದ್ದೆ. ಪಾಪ, ರಿಮ್ಮಿನ ತಪ್ಪೇ ಇರಲಿಲ್ಲ.

ಸರಿ, ಕ್ಯಾಸೆಟ್ ಕೂರಬೇಕು ಅಂದರೆ ಹಿಂದಿನ ಚಕ್ರವೇ ಹೊಸದು ಬೇಕು. ಅದಕ್ಕೆ ಹ್ಯಾಂಡಲ್ ಮೇಲೆ ಗೇರ್ ಬದಲಿಸುವ 9 ಸ್ಪೀಡ್ ಶಿಫ್ಟರ್ ಬೇಕು. ಸಣ್ಣ ಅಗಲದ ಚೈನು ಬೇಕು. ನನ್ನ ಸೈಕಲ್‌ನಲ್ಲಿ ಶಿಫ್ಟರ್ ಮತ್ತು ಬ್ರೇಕ್ ಲಿವರ್ ಒಂದೇ ತುಂಡು, ಹಾಗಾಗಿ ಬ್ರೇಕ್ ಲಿವರ್ ಕೂಡ ಬೇಕು. ಲಿವರ್ ಹೇಗೂ ಬದಲಿಸೋದೇ ಆದರೆ ಕೇಬಲ್ ಬದಲು ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಯಾಕೆ ಬೇಡ ಅಂತ ಮನಸ್ಸು ಕೇಳುತ್ತದೆ. ಒಂದು ನೂಲು ಎಳೆದರೆ ಇಡೀ ಹೊಲಿಗೆ ಬಿಚ್ಚಿದ ಹಾಗೆ. ನಾನು ಅಲ್ಲಿಗೇ ನಿಲ್ಲಿಸಿದೆ. 14ರಿಂದ 34 ಹಲ್ಲಿನ 7 ಸ್ಪೀಡ್ ಫ್ರೀವೀಲ್ ಸಿಗುತ್ತದೆ. ನನ್ನ ಡಿರೈಲರ್ 34 ಹಲ್ಲು ತಡೆಯುತ್ತದಾ ಅಂತ ನೋಡಿಕೊಂಡು, ಅದನ್ನೇ ಹಾಕಿಸಿ, ಚೈನನ್ನು ಉದ್ದದ್ದು ಮಾಡಿಸಿದೆ. ಮುಂದೆ 24 ಹಲ್ಲು ಇರುವಾಗ ಹಿಂದೆ 28 ಹೋಗಿ 34 ಬಂದರೆ ಏರು ಸುಮಾರು 18% ಹಗುರಾಗುತ್ತದೆ. ಕಾಲಿಗೆ ಅದು ಚೆನ್ನಾಗಿಯೇ ಗೊತ್ತಾಯಿತು. ಬಾಗಿದ ಆಕ್ಸಲ್ ಕೂಡ ಬದಲಾಯಿತು. ಅದೇನೂ ದುಬಾರಿಯಲ್ಲ.

ಆಮೇಲೆ ಟಯರ್ ಬದಲಿಸಿದೆ. ದುಡ್ಡು ಹಾಕಿದ್ದಕ್ಕೆ ಜಾಸ್ತಿ ಸಿಕ್ಕಿದ್ದು ಇಲ್ಲೇ, ಅನುಮಾನವೇ ಇಲ್ಲ. ಮುಂದೆ 2.35 ಇಂಚು, ಹಿಂದೆ 2.25. ಎರಡೂ ಕಡೆ 2.35 ಹಾಕುವ ಆಸೆ ಇತ್ತು. ಆದರೆ ಹಿಂದೆ ಫ್ರೇಮಿನ ಎರಡು ಕಾಲುಗಳ ನಡುವೆ ಅಳೆದರೆ 68 ಮಿ.ಮೀ. ಮಾತ್ರ. 2.35 ಅಂದರೆ ಸುಮಾರು 60 ಮಿ.ಮೀ. ಎರಡೂ ಬದಿ ಉಳಿಯೋದು 4 ಮಿ.ಮೀ. ಒಂದು ಸಣ್ಣ ಕಲ್ಲು ಕಚ್ಚಿಕೊಂಡರೂ ಪೇಂಟ್ ಕೆರೆದು ಹೋಗುತ್ತದೆ, ಕೆಸರಾದರಂತೂ ಚಕ್ರ ತಿರುಗೋದೇ ಇಲ್ಲ. ಮೊಳೆಗಳಿರುವ ಅಗಲ ಪೆಡಲ್, ಒಳ್ಳೆಯ ಗ್ರಿಪ್ ಕೂಡ ತೆಗೆದುಕೊಂಡೆ. ಇವು ಯಾವ ಸೈಕಲ್‌ಗಾದರೂ ಹೋಗುತ್ತವೆ, ಹಾಗಾಗಿ ಯೋಚನೆಯೇ ಮಾಡಲಿಲ್ಲ. ಬ್ರೇಕ್‌ಗೆ ಹೊಸ ಕೇಬಲ್ ಹಾಕಿ, ಪ್ಯಾಡ್ ಬದಲಿಸಿದೆ. ಮೆಟಲ್ ಪ್ಯಾಡ್ ಹಾಕೋಣ ಅಂದುಕೊಂಡಿದ್ದೆ, ಆದರೆ ಡಿಸ್ಕ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಕೆತ್ತಿತ್ತು. ಅಂಥ ಡಿಸ್ಕ್ ಮೆತ್ತಗಿರುತ್ತದೆ, ಮೆಟಲ್ ಪ್ಯಾಡ್ ಅದನ್ನು ಬೇಗ ತಿಂದುಹಾಕುತ್ತದೆ.

ಇನ್ನು ಉಳಿದದ್ದು ನಾಲ್ಕನೇ ಸಾಲು. ಇಳಿಜಾರಿನ ಭಯ.

ಇದಕ್ಕೆ ಫೋರ್ಕೇ ಕಾರಣ ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ. 80 ಮಿ.ಮೀ. ಹೋಗಿ ಸ್ಪ್ರಿಂಗ್ ಬದಲು ಗಾಳಿ ತುಂಬುವ 120 ಮಿ.ಮೀ. ಏರ್ ಫೋರ್ಕ್ ಬಂದರೆ ಎಲ್ಲ ಸರಿ ಅಂತ. ಕ್ಯಾಸೆಟ್‌ನಿಂದ ಪಾಠ ಕಲಿತಿದ್ದೆನಲ್ಲ, ಈ ಸಲ ಕೊಳ್ಳುವ ಮೊದಲು ಅಳೆದೆ. ಫೋರ್ಕಿನ ಕೊಳವೆ ಫ್ರೇಮಿನೊಳಗೆ ಹೋಗುವ ಜಾಗಕ್ಕೆ ಹೆಡ್ ಟ್ಯೂಬ್ ಅನ್ನುತ್ತಾರೆ. ನನ್ನದು ಮೇಲಿಂದ ಕೆಳಗೆ ಒಂದೇ ಅಗಲ. ಅದರೊಳಗೆ 28.6 ಮಿ.ಮೀ. ಕೊಳವೆ ಮಾತ್ರ ಹೋಗುತ್ತದೆ. ಈಗಿನ ಒಳ್ಳೆಯ ಫೋರ್ಕ್‌ಗಳಲ್ಲಿ ಹೆಚ್ಚಿನವು ಕೆಳಗೆ ಒಂದೂವರೆ ಇಂಚಿಗೆ ಅಗಲವಾಗುತ್ತವೆ. ಅವು ನನ್ನ ಫ್ರೇಮಿಗೆ ಹೋಗೋದೇ ಇಲ್ಲ. ನೇರ ಕೊಳವೆಯ ಏರ್ ಫೋರ್ಕ್ ಸಿಗದೇ ಇಲ್ಲ, ಆದರೆ ಆಯ್ಕೆ ಬಹಳ ಕಡಿಮೆ. ನನಗೆ ಇಷ್ಟವಾದ ಫೋರ್ಕ್‌ಗೆ ಮುಂದಿನ ಚಕ್ರದಲ್ಲಿ 110 ಮಿ.ಮೀ. ಅಗಲದ, 15 ಮಿ.ಮೀ. ದಪ್ಪ ಆಕ್ಸಲ್‌ನ ಹಬ್ ಬೇಕಿತ್ತು. ನನ್ನದು 100 ಮಿ.ಮೀ., ಲಿವರ್ ತಿರುಗಿಸಿ ಚಕ್ರ ಬಿಚ್ಚುವ ಹಳೇ ಕ್ವಿಕ್ ರಿಲೀಸ್. ಅಂದರೆ ಮುಂದಿನ ಚಕ್ರವೂ ಹೊಸದು.

ಅದೂ ಇರಲಿ. ಫೋರ್ಕ್ 40 ಮಿ.ಮೀ. ಎತ್ತರವಾದರೆ ಸೈಕಲ್ಲಿನ ಮೂತಿ ಮೇಲೆದ್ದು ಮುಂಭಾಗದ ಕೋನ ಸುಮಾರು 2 ಡಿಗ್ರಿ ವಾಲುತ್ತದೆ. ಸೀಟು ಹಿಂದಕ್ಕೆ ಹೋಗುತ್ತದೆ, ಪೆಡಲ್ ನೆಲದಿಂದ ಎತ್ತರವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಉದ್ದ ಸನ್ನೆಕೋಲು ಹಾಕಿ ಮೀಟಿದ ಹಾಗೆ ಹೆಡ್ ಟ್ಯೂಬಿನ ಬೆಸುಗೆಯ ಮೇಲೆ ಜಾಸ್ತಿ ಜೋರು ಬೀಳುತ್ತದೆ. 80ಕ್ಕೆ ಅಂತ ಮಾಡಿದ ಫ್ರೇಮ್ ಅದು.

ಫೋರ್ಕ್, ಮುಂದಿನ ಚಕ್ರ, ಅದಕ್ಕೆ ಸರಿಯಾಗಿ ಹೈಡ್ರಾಲಿಕ್ ಬ್ರೇಕ್, ಇಷ್ಟನ್ನು ಕೂಡಿಸಿದೆ. ಮೊತ್ತ ನಾನು ಸೈಕಲ್‌ಗೆ ಕೊಟ್ಟಿದ್ದ ಬೆಲೆಯನ್ನೇ ದಾಟಿತು. ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ ಅಲ್ವಾ?

ಆದರೂ ನಾನು ಮನಸ್ಸು ಬದಲಿಸಿದ್ದು ಲೆಕ್ಕ ನೋಡಿ ಅಲ್ಲ. ಒಂದು ದಿನ ಅದೇ ಇಳಿಜಾರಿನಲ್ಲಿ ಗೆಳೆಯನ ಸೈಕಲ್ ಕೇಳಿ ಇಳಿಸಿದೆ. ಅವನದ್ದರಲ್ಲಿ ದುಬಾರಿ ಪಾರ್ಟ್ ಏನೂ ಇಲ್ಲ. ಅವತ್ತು ಬೇಕಂತಲೇ ಫೋರ್ಕನ್ನು ಗಟ್ಟಿ ಮಾಡಿಸಿಕೊಂಡು ಇಳಿದೆ. ಆದರೂ ಭಯ ಆಗಲಿಲ್ಲ. ಒಂದು ಸಲ ಇಳಿದು, ತಳ್ಳಿಕೊಂಡು ಮೇಲೆ ಬಂದು, ಮತ್ತೆ ಇಳಿದೆ. ಮನೆಗೆ ಬಂದು ಎರಡೂ ಸೈಕಲ್‌ಗಳ ಬದಿಯ ಫೋಟೋ ಇಟ್ಟು ಕೋನ ಅಳೆದೆ. ಅವನ ಹೆಡ್ ಟ್ಯೂಬ್ ನೆಲಕ್ಕೆ 66 ಡಿಗ್ರಿ. ನನ್ನದು 71. ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು, ಅಂದರೆ ಸ್ಟೆಮ್, ಅವನದ್ದು 45 ಮಿ.ಮೀ., ನನ್ನದು 90. ಅವನ ಮುಂದಿನ ಚಕ್ರ ದೇಹಕ್ಕಿಂತ ಬಹಳ ಮುಂದೆ ಇರುತ್ತದೆ. ನನ್ನದರಲ್ಲಿ ನಾನು ಹೆಚ್ಚುಕಮ್ಮಿ ಮುಂದಿನ ಆಕ್ಸಲ್ ಮೇಲೇ ಬಾಗಿರುತ್ತೇನೆ. ಮಗುಚುತ್ತೇನೆ ಅಂತ ಅನ್ನಿಸಿದ್ದು ಸುಮ್ನೆ ಅಲ್ಲ.

ಕೊನೆಯ ಪ್ರಯತ್ನ ಅಂತ ನನ್ನದಕ್ಕೆ 60 ಮಿ.ಮೀ. ಸ್ಟೆಮ್ ಹಾಕಿ ನೋಡಿದೆ. ಸ್ವಲ್ಪ ವಾಸಿ. ಆದರೆ ನಿಂತು ಪೆಡಲ್ ಮಾಡುವಾಗ ಮೊಣಕಾಲು ಹ್ಯಾಂಡಲ್‌ಗೆ ತಾಗುವಷ್ಟು ಹತ್ತಿರ. ಆ ಫ್ರೇಮನ್ನು ಉದ್ದ ಸ್ಟೆಮ್‌ಗೆ ಅಂತಲೇ ಗಿಡ್ಡ ಮಾಡಿದ್ದಾರೆ. ಪಾರ್ಟ್ ಬಿಚ್ಚಿ ಹಾಕಬಹುದು, ಫ್ರೇಮಿನ ಉದ್ದ ಮತ್ತು ಕೋನವನ್ನು ಬಿಚ್ಚಿ ಹಾಕೋಕೆ ಆಗಲ್ಲ.

ಅಪ್‌ಗ್ರೇಡ್ ಖರ್ಚು ಹೊಸ ಸೈಕಲ್‌ನ ಅರ್ಧ ದಾಟಿದರೆ ಹೊಸದೇ ತಗೋ ಅಂತ ಹಲವರು ಹೇಳುತ್ತಾರೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. ಟಯರ್, ಚೈನು, ಪ್ಯಾಡ್ ಹೇಗೂ ಸವೆಯುತ್ತವೆ, ಅವನ್ನು ಯಾವ ಸೈಕಲ್ ಇದ್ದರೂ ಬದಲಿಸಲೇಬೇಕು. ಪೆಡಲ್, ಗ್ರಿಪ್, ಸೀಟು ನಮ್ಮ ಜೊತೆ ಬರುತ್ತವೆ. ಈ ಎರಡನ್ನೂ ಲೆಕ್ಕದಿಂದ ತೆಗೆಯಬೇಕು. ಈ ಫ್ರೇಮಿಗೆ ಮಾತ್ರ ಹೊಂದುವ, ನಾಳೆ ಬೇರೆಲ್ಲೂ ಹೋಗದ ಪಾರ್ಟ್‌ಗಳ ಖರ್ಚು ಎಷ್ಟು? ಅದನ್ನು ಮಾತ್ರ ಹೊಸ ಸೈಕಲ್ ಪಕ್ಕ ಇಟ್ಟು ನೋಡಬೇಕು. ನೇರ ಕೊಳವೆಯ ಫೋರ್ಕ್ ಆ ಜಾತಿಗೆ ಸೇರಿದ್ದು.

ಹೊಸದು ಹುಡುಕುವಾಗ ಎಲ್ಲರೂ ಹಿಂದಿನ ಡಿರೈಲರ್ ನೋಡುತ್ತಾರೆ. ಅದು ಗೊತ್ತಿದ್ದೇ ಕೆಲವರು ಅಗ್ಗದ ಫ್ರೇಮಿಗೆ ಹೊಳೆಯುವ ಡಿರೈಲರ್ ಒಂದನ್ನು ತೂಗುಹಾಕಿರುತ್ತಾರೆ. ನಾನು ಅದನ್ನು ಕೊನೆಗೆ ನೋಡಿದೆ. ಮೊದಲು ಹೆಡ್ ಟ್ಯೂಬ್ ಕೆಳಗೆ ಅಗಲ ಇದೆಯಾ, ಹಿಂದೆ 148 ಮಿ.ಮೀ. ಅಗಲದ, ಹಬ್ ಒಳಗೆ ತೂರಿ ಫ್ರೇಮಿಗೆ ತಿರುಪಿ ಕೂರುವ ಥ್ರೂ ಆಕ್ಸಲ್ ಇದೆಯಾ, ಓಡಿಸುತ್ತಲೇ ಸೀಟು ಇಳಿಸಬಹುದಾದ ಡ್ರಾಪರ್ ಸೀಟ್ ಪೋಸ್ಟಿನ ಕೇಬಲ್‌ಗೆ ಫ್ರೇಮಿನಲ್ಲಿ ತೂತು ಇದೆಯಾ, ಫೋರ್ಕ್ ಏರ್ ಫೋರ್ಕಾ ಅಂತ ನೋಡಿದೆ. ಏರ್ ಫೋರ್ಕ್ ಆದರೆ ನನ್ನ ತೂಕಕ್ಕೆ ಸರಿಯಾಗಿ ಗಾಳಿ ಹಾಕಿಕೊಳ್ಳಬಹುದು. ಹಿಂದೆಯೂ ಸಸ್ಪೆನ್ಷನ್ ಇರುವ ಸೈಕಲ್ ಅದೇ ಬಜೆಟ್ಟಿಗೆ ಸಿಗುತ್ತಿತ್ತು. ಬೇಡ ಅಂದೆ. ಅದೇ ದುಡ್ಡಿನಲ್ಲಿ ಹಿಂದೆ ಒಂದು ಶಾಕ್, ನಾಲ್ಕಾರು ಬೇರಿಂಗ್ ಸೇರಿಸಬೇಕು ಅಂದರೆ ಫೋರ್ಕ್, ಬ್ರೇಕ್‌ಗಳಲ್ಲಿ ಎಲ್ಲೋ ಕತ್ತರಿ ಹಾಕಿರಲೇಬೇಕು. ಸೆಕೆಂಡ್ ಹ್ಯಾಂಡ್ ಕೂಡ ಒಂದು ನೋಡಿದ್ದೆ. ಹೆಡ್ ಟ್ಯೂಬಿನ ಬೆಸುಗೆ ಹತ್ತಿರ ಪೇಂಟಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಇತ್ತು. ಬರೀ ಪೇಂಟಿನ ಗೀರು ಅಂದರು. ಇರಬಹುದು, ಆದರೆ ಕೈಮುಗಿದು ಬಂದೆ.

ಇದನ್ನೆಲ್ಲ ಓದಿ ಹಳೇದನ್ನು ಮಾರಿಬಿಡಿ ಅಂತ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅಕ್ಕನ ಮಗ ಹೋದ ವರ್ಷ ಇದೇ ಪ್ರಶ್ನೆ ತಂದ. "ಮಾಮ, ನಂದೂ ನಿಮ್ಮದರ ಹಾಗೇ ಬಿಗಿನರ್ ಸೈಕಲ್, ಹೊಸದು ತಗೊಳ್ಳಲಾ?" ಅಂದ. ಇಬ್ಬರೂ ಟೇಪ್ ಹಿಡಿದು ಕೂತೆವು. ಅವನದ್ದರಲ್ಲಿ ಹೆಡ್ ಟ್ಯೂಬ್ ಕೆಳಗೆ ಅಗಲ. ಹಿಂದೆ ಕ್ಯಾಸೆಟ್. ಕೋನ 67. ಫ್ರೇಮಿನಲ್ಲಿ ಏನೂ ತಕರಾರಿಲ್ಲ, ಫೋರ್ಕ್ ಮಾತ್ರ ಕಳಪೆ. ಮೊದಲಿದ್ದಷ್ಟೇ ಉದ್ದದ ಒಂದು ಏರ್ ಫೋರ್ಕ್, ಎರಡು ಟಯರ್ ಹಾಕಿಸಿದ. ಈಗ ಇಳಿಜಾರಿನಲ್ಲಿ ನನ್ನನ್ನು ಕಾಯುತ್ತಾ ನಿಂತಿರುತ್ತಾನೆ.

ನನ್ನ ಹಳೇದು ಇನ್ನೂ ಮನೆಯಲ್ಲಿದೆ. ಪೆಡಲ್ ಮತ್ತು ಗ್ರಿಪ್ ಹೊಸದಕ್ಕೆ ಹೋದವು. ಅದಕ್ಕೆ ನುಣುಪು ಟಯರ್, ಒಂದು ಕ್ಯಾರಿಯರ್ ಹಾಕಿದ್ದೇನೆ, ದಿನಾ ಕೆಲಸಕ್ಕೆ ಅದರಲ್ಲೇ ಹೋಗೋದು. ಕ್ಯಾಸೆಟ್ ಮಾತ್ರ ಡ್ರಾಯರ್‌ನಲ್ಲೇ ಉಳಿಯಿತು. ಹೊಸ ಸೈಕಲ್ 12 ಸ್ಪೀಡ್.