ಮರಡಿಹಳ್ಳಿಯ ದಿಂಬುಕಲ್ಲನ್ನು ಓದೋದು ಹೇಗೆ

ಚಿತ್ರದುರ್ಗಕ್ಕೆ ಬಂದವರೆಲ್ಲ ಕೋಟೆ ಹತ್ತುತ್ತಾರೆ. ಕೋಟೆಯ ಬಂಡೆ ಗ್ರಾನೈಟು, ಅದರ ಕಥೆ ಬೇರೆ. ಭೂಮಿಯ ಹೊಟ್ಟೆಯೊಳಗಿನ ಸುದ್ದಿ ಬೇಕಾದರೆ ಐಮಂಗಲದ ಕಡೆಗಿರುವ ಮರಡಿಹಳ್ಳಿಗೆ ಹೋಗಿ. ಅಲ್ಲಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಲಾವಾ, ಅದೂ ನೀರಿನೊಳಗೆ ಉಕ್ಕಿದ್ದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು, ಸುತ್ತಿಗೆ ಚೀಲದಲ್ಲೇ ಇರಲಿ.

ಮೊದಲು ಸುಮ್ನೆ ನೋಡಿ. ಮಂಡಿಯಲ್ಲಿ ಶೇಂಗಾ ಮೂಟೆ ಒಟ್ಟಿದ ಹಾಗೆ ದುಂಡು ದುಂಡು ಕಲ್ಲುಗಳು. ದಿಂಬುಕಲ್ಲು (ಪಿಲ್ಲೋ ಲಾವಾ) ಅನ್ನೋದು ಇವನ್ನೇ. ಒಂದೊಂದರ ಅಂಚಿನಲ್ಲೂ ನುಣ್ಣನೆಯ, ಬೇರೆ ಬಣ್ಣದ ಪಟ್ಟಿ ಇದೆಯಲ್ಲ, ಬಿಸಿ ಲಾವಾ ತಣ್ಣೀರಿಗೆ ತಾಗಿ ಗಾಜಾಗಿದ್ದ ಸಿಪ್ಪೆ ಅದು. ಮೂಟೆಯ ಬಾಲ ಕೆಳಗಿನ ಎರಡು ಮೂಟೆಗಳ ಸಂದಿಗೆ ಇಳಿದಿರುತ್ತದೆ. ಬಾಲ ಯಾವ ಕಡೆಗಿದೆಯೋ ಅದೇ ಅವತ್ತಿನ ತಳ. ಪದರ ಮಗುಚಿದ್ದರೂ ಇದರಿಂದ ಗೊತ್ತಾಗುತ್ತದೆ.

ಈ ಲಾವಾ ಹುಟ್ಟಿದ್ದು ನೆಲದ ಚಿಪ್ಪಿನ ಕೆಳಗಿರುವ ದಪ್ಪ ಪದರವಾದ ಮ್ಯಾಂಟಲಿನಲ್ಲಿ. ಮ್ಯಾಂಟಲ್ ಅಂದರೆ ಕುದಿಯುವ ಲಾವಾ ಸಮುದ್ರ ಅಂದುಕೊಳ್ಳಬೇಡಿ, ಅದು ಗಟ್ಟಿ ಕಲ್ಲೇ. ಆ ಕಲ್ಲು ನಿಧಾನವಾಗಿ ಮೇಲೇರಿ ಒತ್ತಡ ಇಳಿದಾಗ ಸ್ವಲ್ಪ ಭಾಗ ಮಾತ್ರ ಕರಗುತ್ತದೆ. ಕುಕ್ಕರಿನ ಸೀಟಿ ತೆಗೆದರೆ ಒಲೆ ಆರಿಸಿದ್ದರೂ ಒಳಗಿನ ನೀರು ಮತ್ತೆ ಕುದಿಯುತ್ತದಲ್ವಾ, ಹಾಗೆ.

ಯಾವ ಧಾತು ಎಷ್ಟಿದೆ ಎಂಬ ಲ್ಯಾಬ್ ಪರೀಕ್ಷೆಗೆ ಕಲ್ಲು ಬೇಕಿದ್ದರೆ ಸ್ಮಾರಕದ ಹೊರಗೆ, ಜಮೀನಿನವರನ್ನು ಕೇಳಿ ತನ್ನಿ. ಬಿಸಿಲು ಮಳೆಗೆ ಸವೆದ ಹೊರಗಿನ ಕಂದು ಸಿಪ್ಪೆ ಪೂರ್ತಿ ಕಿತ್ತು ಹಸಿರು ತಿರುಳು ಮಾತ್ರ ಕೊಡಿ. ನಾನು ಒಮ್ಮೆ ಸೋಮಾರಿತನಕ್ಕೆ ಸಿಪ್ಪೆ ಸಮೇತ ಕೊಟ್ಟೆ, ದುಡ್ಡು ನೀರುಪಾಲು. ಟಂಗ್‌ಸ್ಟನ್ ಕಾರ್ಬೈಡ್ ಗಿರಣಿಯಲ್ಲಿ ಪುಡಿ ಮಾಡಿಸಬೇಡಿ, ಕೋಬಾಲ್ಟು, ಟ್ಯಾಂಟಲಮ್ಮು ಬೆರೆಯುತ್ತವೆ. ಅಗೇಟ್ ಕಲ್ಲಿನ ಗಿರಣಿ ಒಳ್ಳೆಯದು.

ವರದಿ ಬಂದ ಮೇಲೆ ಎಲ್ಲರೂ ಎಡವೋದು ಇಲ್ಲೇ. ಪೊಟ್ಯಾಸಿಯಂ, ಸೋಡಿಯಂ, ರುಬಿಡಿಯಂ, ಬೇರಿಯಂ ನೋಡಿ ತೀರ್ಮಾನಕ್ಕೆ ಬರಬೇಡಿ. ಈ ಕಲ್ಲು ಹಸಿರಾಗಿದ್ದೇ ಮೂಲ ಖನಿಜಗಳು ಬಿಸಿಗೆ, ನೀರಿಗೆ ಕ್ಲೋರೈಟು, ಎಪಿಡೋಟು, ಆಕ್ಟಿನೊಲೈಟಾಗಿ ಬದಲಾದದ್ದರಿಂದ. ಆ ಗಲಾಟೆಯಲ್ಲಿ ಇವೆಲ್ಲ ಅತ್ತಿತ್ತ ಓಡಾಡಿಬಿಟ್ಟಿರುತ್ತವೆ. ಜಾಗ ಬಿಟ್ಟು ಅಷ್ಟಾಗಿ ಕದಲದ ಹಠಮಾರಿಗಳನ್ನು ನಂಬಿ: ಟೈಟಾನಿಯಂ, ಜಿರ್ಕೋನಿಯಂ, ನಯೋಬಿಯಂ, ಥೋರಿಯಂ, ಯಿಟ್ರಿಯಂ.

ಇಂಥದ್ದೇ ಇನ್ನೊಂದು ಧಾತು ಇಟರ್ಬಿಯಂ ನನಗೆ ಜಾಸ್ತಿ ಇಷ್ಟ. ಮ್ಯಾಂಟಲ್ ತುಂಬಾ ಆಳದಲ್ಲಿ, ಹೆಚ್ಚುಕಡಿಮೆ 80 ಕಿಲೋಮೀಟರಿಗಿಂತ ಕೆಳಗೆ ಕರಗಿದರೆ ಅಲ್ಲಿ ಗಾರ್ನೆಟ್ ಎಂಬ ಖನಿಜ ಇರುತ್ತದೆ, ಅದು ಇಟರ್ಬಿಯಮ್ಮನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಬಿಡೋದೇ ಇಲ್ಲ. ಹಾಗಾಗಿ ಮೇಲೆ ಬಂದ ಲಾವಾದಲ್ಲಿ ಗ್ಯಾಡೊಲಿನಿಯಂ ಎಂಬ ಧಾತುವಿನ ಮುಂದೆ ಇಟರ್ಬಿಯಂ ಎದ್ದು ಕಾಣುವಷ್ಟು ಕಡಿಮೆಯಿದ್ದರೆ, ಆಳದಿಂದ ಬಂದಿದೆ ಅನ್ನಿ. ಥೋರಿಯಂ ಏರಿ ನಯೋಬಿಯಂ ಕುಸಿದಿದ್ದರೆ ಹಳೆಯ ನೆಲದ ಚಿಪ್ಪು ಕೆಳಗಿಳಿದು ಮ್ಯಾಂಟಲಿಗೆ ಬೆರೆತಿರಬಹುದು, ಇಲ್ಲವೇ ಲಾವಾ ದಾರಿಯಲ್ಲಿ ಮೇಲಿನ ಕಲ್ಲನ್ನು ನುಂಗಿರಬಹುದು. ಬರೀ ಒಂದು ಕಲ್ಲಿನಿಂದ ಯಾವುದೆಂದು ಹೇಳಲಾಗದು. ಅಕ್ಕಪಕ್ಕದ ಏಳೆಂಟು ಮೂಟೆಗಳ ಲೆಕ್ಕ ಬೇಕು.

ಮೆಗ್ನೀಸಿಯಂ ಆಕ್ಸೈಡು 18 ಶೇಕಡಾ ದಾಟಿದ ಕೊಮಾಟಿಯೈಟ್ ಎಂಬ ಲಾವಾ ಕಲ್ಲು ನೋಡುವ ಆಸೆಯಿದ್ದರೆ ಇದೇ ಜಿಲ್ಲೆಯ ಘಟ್ಟಿಹೊಸಹಳ್ಳಿಗೆ ಹೋಗಿ. ಹುಲ್ಲಿನ ಎಸಳು ಹರಡಿದಂಥ ಹರಳುಗಳು ಕಂಡರೆ ಅದೇ. ನೀರಿನ ಬಾಟಲಿ ಇರಲಿ, ಕಲ್ಲು ನೆನೆಸಿದರೆ ಗೆರೆ ಚೆನ್ನಾಗಿ ಕಾಣುತ್ತದೆ.