ತಳದ ಮೀನಿಗೆ ಮುಳುಗುವ ಪೆಲೆಟ್: ಮೊದಲು ಲೋಟಕ್ಕೆ, ಆಮೇಲೆ ಟ್ಯಾಂಕಿಗೆ

‘ಸಕ್ಕರ್ ಮೀನು, ಕೋರಿ ತಳದ ಕಸ ತಿಂದುಕೊಂಡೇ ಇರುತ್ತವೆ, ಬೇರೆ ಆಹಾರ ಬೇಡ’ ಎಂಬ ಮಾತು ಮೈಸೂರಿನಲ್ಲಿ ಟ್ಯಾಂಕ್ ಇಟ್ಟವರ ಬಾಯಲ್ಲಿ ಈಗಲೂ ಇದೆ. ದಯವಿಟ್ಟು ನಂಬಬೇಡಿ. (ಸಕ್ಕರ್ ಎಂದರೆ ಗಾಜಿಗೆ ಬಾಯಿ ಅಂಟಿಸಿಕೊಳ್ಳುವ ಮೀನು; ಕೋರಿ ಎಂದರೆ ಕೋರಿಡೋರಸ್, ತಳದಲ್ಲೇ ಓಡಾಡುವ ಮೀಸೆಯ ಪುಟ್ಟ ಮೀನು.) ಮೇಲೆ ಈಜುವ ಗಪ್ಪಿ, ಟೆಟ್ರಾದಂಥ ಮೀನು ತಿಂದು ಬಿಟ್ಟದ್ದು ತಳಕ್ಕೆ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಹಿಕ್ಕೆಯಂತೂ ಕೋರಿಯ ಊಟವಲ್ಲ. ಹೊಟ್ಟೆ ಬತ್ತಿದ ಕೋರಿ ಹೆಚ್ಚಾಗಿ ಹಸಿದ ಕೋರಿಯೇ.

ಅವಕ್ಕೆ ಬೇಕಾದದ್ದು ಮುಳುಗುವ ಪೆಲೆಟ್, ಅಂದರೆ ಕಾಳಿನಂಥ ಆಹಾರ. ಅದರ ಹೊಸ ಪೊಟ್ಟಣ ತಂದಾಗ ನಾನು ಗಾಜಿನ ಲೋಟಕ್ಕೆ ಟ್ಯಾಂಕಿನದೇ ನೀರು ತುಂಬಿ ಹತ್ತು ಕಾಳು ಹಾಕುತ್ತೇನೆ. ಐದಾರು ಸೆಕೆಂಡಿನಲ್ಲಿ ಹತ್ತೂ ತಳ ಮುಟ್ಟಬೇಕು. ತೇಲಿ ನಿಂತದ್ದು ಮೇಲಿನ ಮೀನಿನ ಪಾಲು. 30 ನಿಮಿಷದ ನಂತರ ಒಂದನ್ನು ತೆಗೆದು ಬೆರಳಲ್ಲಿ ಒತ್ತಿದರೆ ಹೋಳಿಗೆಗೆ ಬೇಯಿಸಿದ ಕಡಲೆಬೇಳೆಯ ಹದ ಸಿಗಬೇಕು: ಮೆತ್ತಗೆ, ಆದರೆ ಆಕಾರ ಬಿಡದೆ. ಅಷ್ಟರಲ್ಲೇ ಹಿಟ್ಟಾಗಿ ಕರಗಿದರೆ ಕಾಳಿನಲ್ಲಿ ಅಂಟು ಸಾಲದು. ಆ ಪುಡಿ ಜಲ್ಲಿಯ ಸಂದಿಗಿಳಿದು ಕೊಳೆತು ಅಮೋನಿಯಾ ಏರಿಸುತ್ತದೆ. ಗಂಟೆ ಕಳೆದರೂ ಕಲ್ಲಿನಂತಿದ್ದರೆ ಅದೂ ಕೆಲಸಕ್ಕೆ ಬಾರದು. ಕೋರಿ ಕಚ್ಚುವ ಮೀನಲ್ಲ, ಮೀಸೆಯಲ್ಲಿ ತಡಕಿ ಹೀರಿಕೊಳ್ಳುವ ಮೀನು.

ಕೋರಿಗೆ, ತಳದಲ್ಲೇ ಇರುವ ಇನ್ನೊಂದು ಮೀನಾದ ಲೋಚ್‌ಗೆ ಆದರೆ ಪೊಟ್ಟಣದ ಪಟ್ಟಿಯಲ್ಲಿ ಮೊದಲ ಹೆಸರು ಮೀನಿನ ಪುಡಿಯೋ ಸೀಗಡಿಯೋ ಇರಲಿ, ಪ್ರೋಟೀನ್ ಶೇ. 35–45, ಕಾಳು 1–2 ಮಿ.ಮೀ. ಗೋಧಿಹಿಟ್ಟು ಮೊದಲಿದ್ದರೆ ವಾಪಸ್ ಇಡುತ್ತೇನೆ. ಸಕ್ಕರ್ ಜಾತಿಯ ಬ್ರಿಸಲ್‌ನೋಸ್ ಪ್ಲೆಕೊಗೆ ಸ್ಪಿರುಲಿನಾ (ಒಂದು ಬಗೆಯ ಪಾಚಿ) ಹೆಚ್ಚಿರುವ ಬಿಲ್ಲೆ ಸರಿ, ಅದು ಕೂತು ಉಜ್ಜಿ ತಿನ್ನುತ್ತದೆ. ವಾರಕ್ಕೆರಡು ಸಲ ಸೌತೆಕಾಯಿ ಬಿಲ್ಲೆಯನ್ನು ಸ್ಟೀಲ್ ಫೋರ್ಕಿಗೆ ಚುಚ್ಚಿ ಮುಳುಗಿಸಿ, ಬೆಳಿಗ್ಗೆ ತೆಗೆಯುತ್ತೇನೆ.

ಮಂಡ್ಯದ ಕಡೆ ಹೊಂಡದಲ್ಲಿ ಮೀನು ಸಾಕುವವರಿಂದ ಅಗ್ಗದ ಕಾಳು ತರುವವರಿದ್ದಾರೆ. ಕಾಟ್ಲಾ, ರೋಹುಗೆ ಹಾಕುವ ತೇಲುವ ಕಾಳು ಇಲ್ಲಿಗೆ ಆಗದು. ಸಿಗಡಿ ಕೃಷಿಯ ಕಾಳು ಮುಳುಗುತ್ತದೆ, ನೀರಲ್ಲೂ ಚೆನ್ನಾಗಿ ನಿಲ್ಲುತ್ತದೆ. ಆದರೆ ಬಿಚ್ಚಿದ ಚೀಲದಿಂದ ಅಳೆದು ಕೊಟ್ಟದ್ದು ಎಷ್ಟು ಹಳೆಯದೆಂದು ತಿಳಿಯುವುದಿಲ್ಲ.

ಆರು ಕೋರಿಗೆ 2 ಮಿ.ಮೀ. ಕಾಳು ಇಪ್ಪತ್ತು, ದೀಪ ಆರಿಸಿ ಅರ್ಧ ಗಂಟೆಯಾದ ಮೇಲೆ, ಒಂದೇ ಕಡೆ ಅಲ್ಲ, ಎರಡು ಮೂಲೆಗೆ. ಎರಡು ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡಿ ಉಳಿದದ್ದನ್ನು ಪೈಪಿನಿಂದ ಎಳೆದು, ಮರುದಿನ ಅಷ್ಟೇ ಕಾಳು ಕಡಿಮೆ. ಏಪ್ರಿಲ್ ಬಿಸಿಲಿಗೆ ನೀರು 30 ಡಿಗ್ರಿ ದಾಟಿದರೆ ಆಮ್ಲಜನಕ ಇಳಿಯುತ್ತದೆ, ಉಳಿಕೆ ಬೇಗ ಕೊಳೆಯುತ್ತದೆ. ಆಗ ಹನ್ನೆರಡೇ ಸಾಕು.

100 ಗ್ರಾಂಗಿಂತ ದೊಡ್ಡ ಪೊಟ್ಟಣ ಕೊಳ್ಳುವುದಿಲ್ಲ. ಬಿಚ್ಚಿದ ಮೇಲೆ ಸಿ ವಿಟಮಿನ್ ಸೋರುತ್ತಾ ಹೋಗುತ್ತದೆ, ಮೂರು ತಿಂಗಳಲ್ಲಿ ಮುಗಿಸಬೇಕು. ಒದ್ದೆ ಬೆರಳು ಡಬ್ಬಿಗೆ ಹಾಕಬಾರದು. ಮಳೆಗಾಲದಲ್ಲಿ ಒಂದು ಹನಿ ಸಾಕು, ಬೂಷ್ಟು ಹಿಡಿಯಲು. ಹಳೆ ಎಣ್ಣೆಯ ಕಮಟು ಬಂತೆಂದರೆ ಅರ್ಧ ಡಬ್ಬಿ ಉಳಿದಿದ್ದರೂ ಗಿಡದ ಬುಡಕ್ಕೆ ಸುರಿಯುತ್ತೇನೆ.