ಹಾಂಗ್‌ಕಾಂಗ್‌ಗೆ ಹೊರಟಿದ್ದೀರಾ? ಮೊದಲು ಮಸೀದಿ ಗುರುತು ಮಾಡಿಕೊಳ್ಳಿ

ಹಾಂಗ್‌ಕಾಂಗ್ ಅಂದ ಕೂಡಲೇ ಚಿಕ್ಕಮಗಳೂರಿನ ನಮ್ಮ ಬೀದಿಯ ಹೆಂಗಸರು ಕೇಳುವುದು ಎರಡೇ. ಊಟಕ್ಕೆ ಏನು ಮಾಡಿದ್ರಿ? ನಮಾಜು ಎಲ್ಲಿ ಮಾಡಿದ್ರಿ? ಅಮ್ಮಿಯನ್ನು ಕರೆದುಕೊಂಡು ಹೋಗಿ ಬಂದ ನಾನು ಹೇಳುವುದು ಇಷ್ಟು: ನೋಡುವ ಜಾಗಗಳ ಪಟ್ಟಿ ಆಮೇಲೆ ಮಾಡಿ. ಮೊದಲು ಮಸೀದಿಗಳನ್ನು ಮ್ಯಾಪ್‌ನಲ್ಲಿ ಗುರುತು ಮಾಡಿ. ಅವುಗಳ ನಡುವೆಯೇ ಊರು ಸಿಗುತ್ತದೆ.

ಉಳಿಯಲು ಚಿಮ್ ಶಾ ಚುಯ್ ಕಡೆ ರೂಮು ಹಿಡಿಯಿರಿ. ಅಲ್ಲಿನ ನೇಥನ್ ರೋಡ್‌ನಲ್ಲಿ ಮೆಟ್ರೊ ಬಾಗಿಲಿಗೆ ಹತ್ತಿರದಲ್ಲೇ ಕೌಲೂನ್ ಮಸೀದಿ ಇದೆ. ಬ್ರಿಟಿಷ್ ಸೇನೆಯಲ್ಲಿದ್ದ ಭಾರತದ ಮುಸ್ಲಿಂ ಸೈನಿಕರಿಗಾಗಿ 1896ರಲ್ಲಿ ಕಟ್ಟಿದ್ದು. ಈಗಿನ ಕಟ್ಟಡ 1984ರದು. ಹೆಂಗಸರಿಗೆ ಬೇರೆ ಜಾಗವಿದೆ. ಶುಕ್ರವಾರ ಜನ ಜಾಸ್ತಿ, ಬೇಗ ಹೋಗಿ. ಅಲ್ಲಿಂದ ಸ್ವಲ್ಪ ನಡೆದರೆ 17 ಮಹಡಿಯ ಚಂಗ್‌ಕಿಂಗ್ ಮ್ಯಾನ್ಶನ್ಸ್. ಗದ್ದಲ ನೋಡಿ ಹೆದರಬೇಡಿ. ಒಳಗೆ ಪಾಕಿಸ್ತಾನಿ, ಭಾರತೀಯ ಊಟ ಸಿಗುತ್ತದೆ. ಹಲಾಲ್ ಬೋರ್ಡ್ ನೋಡಿ ಕುಳಿತುಕೊಳ್ಳಿ.

ಬೇರೆ ಕಡೆ ತಿನ್ನುವಾಗ ಎಚ್ಚರ. ತರಕಾರಿ ನೂಡಲ್ಸ್ ಅಂದರೂ ಸಾರು ಹಂದಿ ಮೂಳೆಯದಿರಬಹುದು. ಬೇಕರಿ ತಿಂಡಿಗೂ ಹಂದಿ ಕೊಬ್ಬು ಹಾಕುವುದುಂಟು. ಆದರೆ ಚೀನೀ ಊಟವನ್ನೇ ಬಿಟ್ಟು ಬರಬೇಡಿ. ವಾನ್ ಚಾಯ್‌ನ ಅಮ್ಮಾರ್ ಮಸೀದಿ ಕಟ್ಟಡದಲ್ಲೇ ಕ್ಯಾಂಟೀನ್ ಇದೆ. ಅಲ್ಲಿ ಹಬೆಯಲ್ಲಿ ಬೇಯಿಸಿದ ಡಿಮ್ ಸಮ್ ಎಂಬ ಚೀನೀ ಸಣ್ಣ ತಿಂಡಿ ಹಲಾಲ್ ಆಗಿ ಸಿಗುತ್ತದೆ. ಮಧ್ಯಾಹ್ನದೊಳಗೆ ಹೋಗಿ. ಕಡುಬು ತಿಂದು ಬೆಳೆದ ನಮಗೆ ಅದು ಬೇಗ ಒಗ್ಗುತ್ತದೆ. ಅಮ್ಮಿ ಇನ್ನೊಂದು ಬುಟ್ಟಿ ತರಿಸಿದರು.

ಒಂದು ದಿನ ಹೀಗೆ ಸುತ್ತಿ. ಬೆಳಗ್ಗೆ ಚಿಮ್ ಶಾ ಚುಯ್‌ನಿಂದ ಸ್ಟಾರ್ ಫೆರ್ರಿಯಲ್ಲಿ ವಾನ್ ಚಾಯ್‌ಗೆ. ಜುಹರ್ (ಮಧ್ಯಾಹ್ನದ ನಮಾಜು), ಊಟ ಅಲ್ಲೇ. ಆಮೇಲೆ 1904ರಿಂದ ಓಡುತ್ತಿರುವ ಟ್ರಾಮ್‌ನ ಮೇಲಿನ ಅಂತಸ್ತಿನಲ್ಲಿ ಕುಳಿತು ಸೆಂಟ್ರಲ್‌ಗೆ. ಅಲ್ಲಿಂದ ಗುಡ್ಡ ಹತ್ತಲು ಸುಮಾರು 800 ಮೀಟರ್ ಉದ್ದದ ಎಸ್ಕಲೇಟರ್ ಸಾಲು ಇದೆ. ಬೆಳಗ್ಗೆ 10ರವರೆಗೆ ಅದು ಕೆಳಗಿಳಿಯುತ್ತದೆ, ನಂತರವೇ ಮೇಲೇರುವುದು. ಮಂಡಿನೋವಿನವರು ಈ ಸಮಯ ಮರೆಯಬಾರದು. ದಾರಿಯಲ್ಲೇ ಶೆಲ್ಲಿ ಸ್ಟ್ರೀಟ್‌ನ ಹಸಿರು ಜಾಮಿಯಾ ಮಸೀದಿ. ಈಗಿನ ಕಟ್ಟಡ 1915ರದು. ಸುತ್ತ ಗೋಪುರದಂಥ ಅಪಾರ್ಟ್‌ಮೆಂಟ್‌ಗಳು, ನಡುವೆ ಈ ಚಿಕ್ಕ ಅಂಗಳ. ಅಸರ್ (ಇಳಿಹೊತ್ತಿನ ನಮಾಜು) ಮುಗಿಸಿ ಅಲ್ಲಿ ಸುಮ್ನೆ ಕೂರಿ. ನನಗೆ ಇಡೀ ಊರಿನಲ್ಲಿ ಜಾಸ್ತಿ ಇಷ್ಟವಾದ ಜಾಗ ಅದೇ.

ಓಡಾಟಕ್ಕೆಲ್ಲ ಮೊದಲೇ ಹಣ ತುಂಬಿಸಿಡುವ ಆಕ್ಟೋಪಸ್ ಕಾರ್ಡ್ ಸಾಕು. ಕಿಬ್ಲಾ (ನಮಾಜಿಗೆ ಮುಖ ಮಾಡುವ ದಿಕ್ಕು) ಅಲ್ಲೂ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿದೆ. ಹೋಟೆಲ್ ಶೌಚಾಲಯದಲ್ಲಿ ನೀರಿನ ಪೈಪು ಇಲ್ಲದಿರಬಹುದು, ಒಂದು ಬಾಟಲಿ ಇಟ್ಟುಕೊಳ್ಳಿ. ಪ್ರಯಾಣಿಕರಿಗೆ ನಾಲ್ಕು ರಕಾತ್‌ನ (ನಾಲ್ಕು ಸುತ್ತಿನ) ನಮಾಜು ಎರಡಾಗುತ್ತದೆ. ಎರಡು ಹೊತ್ತನ್ನು ಸೇರಿಸಿ ಮಾಡುವುದರಲ್ಲಿ ಹನಫಿ, ಶಾಫಿ ಎಂಬ ಎರಡು ಪಂಥದವರಿಗೆ ವ್ಯತ್ಯಾಸವಿದೆ. ನಮ್ಮೂರಲ್ಲಿ ಇಬ್ಬರೂ ಇದ್ದೇವೆ, ಅಲ್ವಾ? ಹೊರಡುವ ಮೊದಲು ನಿಮ್ಮ ಮಸೀದಿಯ ಇಮಾಮರನ್ನು ಕೇಳಿಕೊಳ್ಳಿ.

ಸ್ಕಾರ್ಫ್ ಹಾಕಿಕೊಂಡು ಒಬ್ಬರೇ ಓಡಾಡಲು ಅಳುಕಿದ್ದರೆ ಭಾನುವಾರ ವಿಕ್ಟೋರಿಯಾ ಪಾರ್ಕ್‌ಗೆ ಹೋಗಿ. ಮನೆಗೆಲಸ ಮಾಡುವ ಇಂಡೋನೇಷ್ಯಾದ ಹೆಣ್ಣುಮಕ್ಕಳು ರಜೆಯ ದಿನ ಅಲ್ಲಿ ಸೇರುತ್ತಾರೆ. ಎಷ್ಟೋ ಜನ ಸ್ಕಾರ್ಫ್‌ನಲ್ಲೇ ಇರುತ್ತಾರೆ. ಪಕ್ಕದ ಕಾಸ್‌ವೇ ಬೇಯಲ್ಲಿ ಅವರ ಊರಿನ ಊಟವೂ ಸಿಗುತ್ತದೆ.

ಇನ್ನೊಂದು ಮಾತು. ಭಾರತದ ಪಾಸ್‌ಪೋರ್ಟ್ ಇದ್ದವರು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಬೇಕು. ಅದರ ಮೇಲೆ 14 ದಿನದವರೆಗೆ ಇರಬಹುದು. ಟಿಕೆಟ್ ಕೊಳ್ಳುವ ಮೊದಲೇ ಇದನ್ನು ಮುಗಿಸಿ, ಚೀಟಿಯನ್ನು ಪ್ರಿಂಟ್ ಹಾಕಿಸಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.